ಎದೆ ನೋವೆಲ್ಲ ಹಾರ್ಟ್ ಅಟ್ಯಾಕ್ ಅಲ್ಲ, ಹಾಗಂತ ಗ್ಯಾಸ್ ಅಂತಾನೂ ಕೂರಬೇಡಿ: ಪಕ್ಕೆಲುಬಿನ ಮೆದುಮೂಳೆ ನೋವಿನ ಬಗ್ಗೆ ರೈತರು ತಿಳಿಯಬೇಕಾದ್ದು



ಈ ವಾರ ಬೆಳೆ ವಿಷಯ ಬಿಟ್ಟು ಬೆಳೆಯೋರ ಮೈ ವಿಷಯ ಬರೀತಿದ್ದೀನಿ. ಮುಂಗಾರು ಶುರುವಾದ್ರೆ ನಮಗೆ ಎಲ್ಲ ಕೆಲಸ ಒಟ್ಟಿಗೆ ಬರುತ್ತೆ. ಗುಂಡಿ ತೆಗೆಯೋದು, ಗೊಬ್ಬರದ ಚೀಲ ಹೊರೋದು, ಬೆನ್ನಿಗೆ ಪಂಪ್ ಹಾಕ್ಕೊಂಡು ಸ್ಪ್ರೇ ಮಾಡೋದು. ಹೀಗೆ ನಾಲ್ಕೈದು ದಿನ ದುಡಿದ ಮೇಲೆ ಕೆಲವರಿಗೆ ಎದೆ ಮಧ್ಯದ ಮೂಳೆಯ ಪಕ್ಕದಲ್ಲಿ ಚುಚ್ಚಿದ ಹಾಗೆ ನೋವು ಬರುತ್ತೆ. ಜೋರಾಗಿ ಉಸಿರೆಳೆದ್ರೆ ಚಳುಕು, ಕೆಮ್ಮಿದ್ರೆ ಚಳುಕು, ಮಗ್ಗುಲು ಬದಲಾಯಿಸಿದ್ರೂ ಚಳುಕು. ಎಡಗಡೆ ಬಂದ್ರಂತೂ ಮನೆಯವರೆಲ್ಲ ಗಾಬರಿ.

ಗಾಬರಿ ಆಗೋದರಲ್ಲಿ ತಪ್ಪಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಎಷ್ಟೋ ಯುವಕರು ಹೃದಯ ತಪಾಸಣೆಗೆ ಓಡಿದರು. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಒಂದು ಕಡೆ ಈ ಭಯ. ಇನ್ನೊಂದು ಕಡೆ, ನಿಜವಾದ ಹೃದಯದ ನೋವನ್ನೇ "ಗ್ಯಾಸ್ ಇರ್ಬೇಕು" ಅಂತ ಸೋಡಾ ಕುಡಿದು ಮಲಗೋರು. ಈ ಎರಡರ ಮಧ್ಯೆ ಒಂದು ಮೂರನೇ ವಿಷಯ ಇದೆ. ಅದರ ಹೆಸರು ಕಾಸ್ಟೋಕಾಂಡ್ರೈಟಿಸ್. ಅಂದ್ರೆ ಪಕ್ಕೆಲುಬು ಮತ್ತು ಎದೆಮೂಳೆ ಸೇರುವ ಕಡೆ ಇರುವ ಮೆದುಮೂಳೆಯ ನೋವು.

ನಾನು ಓದಿದ್ದು ತೋಟಗಾರಿಕೆ, ಡಾಕ್ಟರ್ ಅಲ್ಲ. ಈ ಲೇಖನ ಓದಿ ಯಾರೂ ತಮಗೆ ತಾವೇ "ನಂದು ಇದೇ" ಅಂತ ತೀರ್ಮಾನ ಮಾಡಬಾರದು. ಯಾವಾಗ ಓಡಬೇಕು, ಡಾಕ್ಟರ್ ಹತ್ರ ಏನು ಹೇಳಬೇಕು, ಆಮೇಲೆ ಮೈಯನ್ನ ಹೇಗೆ ನೋಡ್ಕೋಬೇಕು ಅನ್ನೋದು ಗೊತ್ತಿರಲಿ ಅಂತ ಬರೀತಿದ್ದೀನಿ.

ಮೊದಲು ಇದನ್ನ ಓದಿ: ಈ ಲಕ್ಷಣ ಇದ್ರೆ ಕಾಯಬೇಡಿ

- ಎದೆ ಮೇಲೆ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ನೋವು ಬಂದು ಕೆಲವು ನಿಮಿಷ ಕಳೆದರೂ ಹೋಗದಿರೋದು
- ನೋವು ತೋಳಿಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ ಅಥವಾ ಬೆನ್ನಿಗೆ ಹರಡೋದು
- ತಣ್ಣನೆ ಬೆವರು, ವಾಕರಿಕೆ, ತಲೆಸುತ್ತು, ಕಣ್ಣು ಕತ್ತಲೆ
- ಸುಮ್ಮನೆ ಕೂತಾಗಲೂ ಉಸಿರು ಕಟ್ಟೋದು
- ನಡೆದಾಗ, ದಿಣ್ಣೆ ಹತ್ತಿದಾಗ ಎದೆ ಬಿಗಿದು, ನಿಂತರೆ ಕಮ್ಮಿ ಆಗೋದು

ಇದರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ನೀವೇ ಬೈಕ್ ಓಡಿಸ್ಕೊಂಡು ಹೋಗಬೇಡಿ. ಸಕ್ಕರೆ ಕಾಯಿಲೆ ಇರೋರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವು ಜೋರಾಗಿ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸ ಮಾತ್ರ ಇರಬಹುದು. ಅವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಹೃದಯದ ರಕ್ತನಾಳ ಕಟ್ಟಿಕೊಂಡಾಗ ಮೊದಲ ಒಂದೆರಡು ಗಂಟೆಗೆ ಬಹಳ ಬೆಲೆ. ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ. ಅದರಡಿ ಅನೇಕ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅದನ್ನ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡ್ತಾರೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಅಂತ ಇವತ್ತೇ ಕೇಳಿ ಇಟ್ಕೊಳ್ಳಿ.

ನಮ್ಮೂರಿನ ಒಬ್ಬರು, ವಯಸ್ಸು ಐವತ್ತರ ಮೇಲೆ, ರಾಗಿ ಹೊರೆ ಹೊತ್ತು ಬಂದ ಸಂಜೆ "ಎದೆ ಹಿಡ್ಕೊಂಡೈತೆ, ಉಳುಕಿರ್ಬೇಕು" ಅಂತ ಜಗಲಿ ಮೇಲೆ ಮಲಗಿದ್ರು. ಅವರ ಹೆಂಡತಿ ಹಣೆ ಮುಟ್ಟಿ ನೋಡಿದ್ರೆ ತಣ್ಣನೆ ಬೆವರು. "ಉಳುಕಿದ್ರೆ ಬೆವರ್ಯಾಕೆ ಬರ್ತದೆ?" ಅಂತ ಆಯಮ್ಮ ಹಠ ಹಿಡಿದು ಪಕ್ಕದ ಮನೆಯವರ ಕಾರು ತರಿಸಿದ್ರು. ಇಸಿಜಿಯಲ್ಲಿ ಹೃದಯಾಘಾತ ಅಂತ ಗೊತ್ತಾಯ್ತು. ಅವರು ಇವತ್ತು ಹಸು ಕಟ್ಕೊಂಡು ಆರಾಮಾಗಿದ್ದಾರೆ. ಆ ಒಂದು ಪ್ರಶ್ನೆ ಒಂದು ಜೀವ ಉಳಿಸ್ತು.

ಮೆದುಮೂಳೆ ಅಂದ್ರೇನು, ಎಲ್ಲಿರುತ್ತೆ?

ನಿಮ್ಮ ಕಿವಿ ಮಡಚಿ ನೋಡಿ. ಮಡಚುತ್ತೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತೆ. ಅದು ಮೆದುಮೂಳೆ. ನಮ್ಮ ಎದೆಗೂಡಿನಲ್ಲೂ ಮೆದುಮೂಳೆ ಇದೆ. ಎರಡೂ ಕಡೆ 12ರಂತೆ ಒಟ್ಟು 24 ಪಕ್ಕೆಲುಬು. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಸೇರ್ತವೆ. ಮುಂದೆ ಮೇಲಿನ 7 ಜೊತೆ ಪಕ್ಕೆಲುಬುಗಳು ಮೆದುಮೂಳೆಯ ಮೂಲಕ ಎದೆಮೂಳೆಗೆ ಅಂಟಿಕೊಂಡಿವೆ. 8, 9, 10ನೇದು ತಮ್ಮ ಮೇಲಿನ ಪಕ್ಕೆಲುಬಿನ ಮೆದುಮೂಳೆಗೆ ಸೇರ್ತವೆ. ಕೊನೆಯ ಎರಡು ಜೊತೆ ಮುಂದೆ ಯಾವುದಕ್ಕೂ ಸೇರೋದಿಲ್ಲ.

ಉಸಿರಾಡಿದಾಗ ಎದೆ ಹಿಗ್ಗಿ ಕುಗ್ಗೋಕೆ ಈ ಮೆದುಮೂಳೆಯೇ ಆಧಾರ. ನಿಮಿಷಕ್ಕೆ 15 ಸಲ ಉಸಿರಾಡಿದ್ರೆ ದಿನಕ್ಕೆ 21,600 ಸಲ ಆ ಕೀಲುಗಳು ಅಲುಗಾಡ್ತವೆ. ಕೈ ಮುರಿದ್ರೆ ಪಟ್ಟಿ ಕಟ್ಟಿ ಜೋತುಹಾಕಬಹುದು. ಎದೆಗೆ ಹಾಗೆ ರಜೆ ಕೊಡೋಕಾಗಲ್ಲ. ಜೊತೆಗೆ ಮೆದುಮೂಳೆಯೊಳಗೆ ರಕ್ತನಾಳ ಇಲ್ಲ. ಅಕ್ಕಪಕ್ಕದಿಂದ ಜಿನುಗಿ ಬರುವ ಪೋಷಕಾಂಶವೇ ಅದಕ್ಕೆ ಊಟ. ಕಾಲುವೆ ನೀರು ಹರಿಯೋ ಗದ್ದೆಗೂ, ಬದುವಿನಿಂದ ತೇವ ಜಿನುಗೋ ಜಾಗಕ್ಕೂ ಇರೋ ವ್ಯತ್ಯಾಸ ಅಂದ್ಕೊಳ್ಳಿ. ಅದಕ್ಕೇ ಈ ನೋವು ವಾಸಿಯಾಗೋದು ನಿಧಾನ.

ಕಾಸ್ಟೋಕಾಂಡ್ರೈಟಿಸ್‌ನಲ್ಲಿ ನೋವು ಹೆಚ್ಚಾಗಿ 2ರಿಂದ 5ನೇ ಪಕ್ಕೆಲುಬಿನ ಸಂದಿನಲ್ಲಿ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ಇರುತ್ತೆ. ಊತ ಇರೋದಿಲ್ಲ. ಇದಕ್ಕೆ ಒಬ್ಬ ಅಪರೂಪದ ದಾಯಾದಿ ಇದ್ದಾನೆ, ಟೀಟ್ಸೆ ಸಿಂಡ್ರೋಮ್ ಅಂತ. ಅಲೆಕ್ಸಾಂಡರ್ ಟೀಟ್ಸೆ ಅನ್ನೋ ಜರ್ಮನ್ ಶಸ್ತ್ರಚಿಕಿತ್ಸಕ 1921ರಲ್ಲಿ ಇದನ್ನ ವಿವರಿಸಿದ. ಇದರಲ್ಲಿ ನೋವಿನ ಜೊತೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಊತ ಇರುತ್ತೆ. ಅದೂ ಹೆಚ್ಚಾಗಿ 2ನೇ ಅಥವಾ 3ನೇ ಪಕ್ಕೆಲುಬಿನ ಒಂದೇ ಕಡೆ. ಊತ ಕಂಡ್ರೆ ಡಾಕ್ಟರ್‌ಗೆ ತೋರಿಸಲೇಬೇಕು, ಯಾಕಂದ್ರೆ ಗಡ್ಡೆ, ಸೋಂಕು ಇಂಥವು ಅಲ್ಲ ಅಂತ ಖಾತ್ರಿ ಆಗಬೇಕು.

ರೈತರಿಗೆ ಯಾಕೆ ಬರುತ್ತೆ?

ಎಷ್ಟೋ ಸಲ ಕಾರಣ ಸಿಗೋದಿಲ್ಲ. ಸಿಕ್ಕಾಗ ಮಾಮೂಲಿ ಕಾರಣ ಮೂರು: ಅಭ್ಯಾಸ ಇಲ್ಲದ ಭಾರದ ಕೆಲಸ, ಒಂದೇ ಥರ ಕೈಯಾಡಿಸೋ ಕೆಲಸ, ಮತ್ತು ದಿನಗಟ್ಟಲೆ ಕೆಮ್ಮು. ಮೂರೂ ನಮ್ಮ ಮನೆ ಬಾಗಿಲಲ್ಲೇ ಇವೆ.

ಎದೆಯ ಮುಂಭಾಗದ ದೊಡ್ಡ ಸ್ನಾಯು ಒಂದು ತುದಿಯಲ್ಲಿ ತೋಳಿನ ಮೂಳೆಗೆ, ಇನ್ನೊಂದು ತುದಿಯಲ್ಲಿ ಎದೆಮೂಳೆಗೂ ಮೇಲಿನ ಪಕ್ಕೆಲುಬುಗಳ ಮೆದುಮೂಳೆಗೂ ಅಂಟಿಕೊಂಡಿದೆ. ಹಾರೆ ಎತ್ತಿ ನೆಲಕ್ಕೆ ಕುಕ್ಕಿದಾಗ, ಕೈಪಂಪಿನ ಹಿಡಿ ಆಡಿಸಿದಾಗ, ವೀಡ್ ಕಟ್ಟರ್ ಅತ್ತಿತ್ತ ಬೀಸಿದಾಗ ಎಳೆತ ಬೀಳೋದು ಅಲ್ಲೇ.

ಲೆಕ್ಕ ಹಾಕಿ ನೋಡಿ. 16 ಲೀಟರ್ ಪಂಪ್ ಅಂದ್ರೆ ನೀರೇ 16 ಕೆಜಿ. ಪಂಪಿನ ತೂಕ ಸೇರಿದ್ರೆ 20 ಕೆಜಿ ದಾಟುತ್ತೆ. ಎಕರೆಗೆ 200 ಲೀಟರ್ ದ್ರಾವಣ ಅಂದ್ರೆ 12–13 ಟ್ಯಾಂಕ್. ಅಷ್ಟು ಸಲ 20 ಕೆಜಿಯನ್ನ ನೆಲದಿಂದ ಎತ್ತಿ ಬೆನ್ನಿಗೆ ಹಾಕ್ಕೋಬೇಕು. ನೆಲದಿಂದ ಎದ್ದೇಳುವಾಗ ಒಂದು ಪಟ್ಟಿ ಹೆಗಲಿಗಿದ್ದು ಇನ್ನೊಂದು ಕೈ ಹುಡುಕ್ತಾ ಇರುತ್ತಲ್ಲ, ಎದೆ ತಿರುಚೋದು ಆ ಗಳಿಗೆಯಲ್ಲಿ.

ಬೇಸಿಗೆಯಲ್ಲಿ ಎರಡು ತಿಂಗಳು ಕೈಗೆ ಕೆಲಸ ಕಮ್ಮಿ ಇದ್ದು, ಮಳೆ ಬಿದ್ದ ಮಾರನೇ ದಿನವೇ ಹಾರೆ ಹಿಡಿಯೋರಿಗೆ ಇದು ಜಾಸ್ತಿ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದು ಈಗ ಊರಿಗೆ ಬಂದು ತೋಟ ಶುರು ಮಾಡಿದೋರು ಇನ್ನೂ ನಿಧಾನಕ್ಕೆ ಹೋಗಬೇಕು.

ಡಾಕ್ಟರ್ ಹೇಗೆ ಕಂಡುಹಿಡೀತಾರೆ?

ಎಲೆ ಹಳದಿ ಆದ್ರೆ ನಾವೇನು ಮಾಡ್ತೀವಿ? ಸಾರಜನಕದ ಕೊರತೆ ಇರಬಹುದು, ನೀರು ನಿಂತಿರಬಹುದು, ಬೇರು ಕೊಳೀತಿರಬಹುದು. ಲಕ್ಷಣ ಒಂದೇ, ಕಾರಣ ಹತ್ತು. ಶುಂಠಿಯಲ್ಲಿ ಹಳದಿ ಕಂಡ್ರೆ ಮೊದಲು ಬುಡ ಕಿತ್ತು ಕೊಳೆ ಇದೆಯಾ ನೋಡ್ತೀವಿ, ಯಾಕಂದ್ರೆ ಅದು ಇಡೀ ಮಡಿ ತೆಗೀತದೆ. ಡಾಕ್ಟರ್‌ಗಳೂ ಅಷ್ಟೇ. ಮೊದಲು ಜೀವ ತೆಗೆಯೋದು ಅಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಮೆದುಮೂಳೆಗೆ ಬರ್ತಾರೆ.

ಮೂರು ವರ್ಷದ ಹಿಂದೆ ನನಗೂ ಇದು ಬಂದಿತ್ತು. ಹೊಸ ತೆಂಗಿನ ಪ್ಲಾಟಿಗೆ ಮೂರಡಿ ಗುಂಡಿ ತೆಗೀತಿದ್ವಿ, ಕೆಳಗೆ ಗಟ್ಟಿ ಗೊರಚು. ಆರನೇ ದಿನ ಎಡಗಡೆ ಎದೆ ಚುಚ್ಚೋಕೆ ಶುರುವಾಯ್ತು. "ಓಂಕಾಳು ನೀರು ಕೊಡ್ತೀನಿ ಇರು" ಅಂದ್ರು ಅಮ್ಮ. ನಾನು ಅಪ್ಪನ್ನ ಕರ್ಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರ್ ಮೊದಲು ಇಸಿಜಿ ಮಾಡಿಸಿದ್ರು. ಆಮೇಲೆ ಎದೆಮೂಳೆ ಪಕ್ಕ ಒಂದೊಂದೇ ಸಂದನ್ನ ಬೆರಳಲ್ಲಿ ಒತ್ತುತ್ತಾ ಬಂದ್ರು. ಮೂರನೇದಕ್ಕೆ ನಾನು ಹಾರಿಬಿದ್ದೆ.

"ಮನೇಲಿ ಬರೋ ನೋವು ಇದೇನಾ?"

"ಇದೇ ಡಾಕ್ಟ್ರೇ, ಅಚ್ಚು ಇದೇ."

"ಹೃದಯನ ಬೆರಳಲ್ಲಿ ಒತ್ತೋಕಾಗಲ್ಲ ಕಣಪ್ಪ, ಪಕ್ಕೆನ ಒತ್ತಬಹುದು" ಅಂದ್ರು.

ಒತ್ತಿದಾಗ ಅದೇ ನೋವು ಅದೇ ಜಾಗದಲ್ಲಿ ಮತ್ತೆ ಬರೋದು ಇದರ ಮುಖ್ಯ ಗುರುತು. ಆದ್ರೆ ಇಲ್ಲಿ ಒಂದು ಎಚ್ಚರಿಕೆ. ಹೃದಯಾಘಾತ ಆದ ಕೆಲವರಲ್ಲೂ ಎದೆ ಒತ್ತಿದ್ರೆ ನೋಯಬಹುದು. ಅದಕ್ಕೇ ಮನೆಯಲ್ಲಿ ನೀವೇ ಒತ್ತಿ ನೋಡಿ ತೀರ್ಮಾನ ಮಾಡಬೇಡಿ. 35 ದಾಟಿದೋರು, ಬೀಡಿ ಸಿಗರೇಟು ಸೇದೋರು, ಬಿಪಿ ಶುಗರ್ ಇರೋರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದೋರು ಇಸಿಜಿ ಮಾಡಿಸಿಯೇ ಮುಂದಿನ ಮಾತು. ಒಂದು ಇಸಿಜಿ ಸರಿ ಇದ್ದರೂ ಅನುಮಾನ ಇದ್ರೆ ಡಾಕ್ಟರ್ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾಡ್ತಾರೆ, ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಬರೀತಾರೆ. ಬೇಡ ಅನ್ನಬೇಡಿ.

ಮೆದುಮೂಳೆಯ ಈ ನೋವು ಎಕ್ಸ್‌ರೇಯಲ್ಲಿ ಕಾಣೋದಿಲ್ಲ. ಎಕ್ಸ್‌ರೇ ತೆಗೆಯೋದು ಶ್ವಾಸಕೋಶ, ಮೂಳೆ ಮುರಿತ ನೋಡೋಕೆ. "ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ್ರು, ಹಾಗಾದ್ರೆ ನೋವು ಸುಳ್ಳಾ?" ಅಂತ ಬೇಜಾರು ಮಾಡ್ಕೋಬೇಡಿ. ನೋವು ನಿಜವೇ.

ಇದೇ ಥರ ಕಾಣೋ ಬೇರೆ ತೊಂದರೆಗಳು

ಕೀಟನಾಶಕದ ವಿಷ: ನಾನು ರಾಸಾಯನಿಕ ಹೊಡೆಯಲ್ಲ, ಆದ್ರೆ ಓದೋರಲ್ಲಿ ಬಹಳ ಜನ ಹೊಡೀತೀರಿ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಥರದ ಆರ್ಗನೋಫಾಸ್ಫೇಟ್ ಔಷಧಿ ಹೊಡೆದ ಮೇಲೆ ಎದೆ ಬಿಗಿತದ ಜೊತೆ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜು, ಸ್ನಾಯು ಅದುರೋದು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದಾಗೋದು ಕಂಡ್ರೆ ಅದು ವಿಷ ಏರಿದ ಗುರುತು. ಬಟ್ಟೆ ಬಿಚ್ಚಿ, ಮೈಯನ್ನ ಸೋಪು ಹಾಕಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಬಾಟಲಿಯ ಲೇಬಲ್ ಫೋಟೋ ಫೋನಲ್ಲಿ ತಗೊಂಡು ಹೋದ್ರೆ ಡಾಕ್ಟರ್‌ಗೆ ಅರ್ಧ ಕೆಲಸ ಮುಗೀತು.

ಕೆಮ್ಮು ಜ್ವರ: ಜ್ವರ, ಕಫ, ಉಸಿರೆಳೆದಾಗ ನೋವು ಇದ್ರೆ ನ್ಯುಮೋನಿಯಾ ಇರಬಹುದು. ಎರಡು ವಾರ ದಾಟಿದ ಕೆಮ್ಮಿದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿ.

ಸರ್ಪಸುತ್ತು: ಗುಳ್ಳೆ ಏಳೋಕೆ ಕೆಲವು ದಿನ ಮೊದಲೇ ಒಂದೇ ಪಕ್ಕದಲ್ಲಿ ಉರಿನೋವು ಬರುತ್ತೆ. ಗುಳ್ಳೆ ಕಂಡ ಕೂಡಲೇ ತೋರಿಸಿದ್ರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತೆ.

ಹುಳಿತೇಗು: ಊಟದ ಮೇಲೆ, ಮಲಗಿದಾಗ ಎದೆ ಉರಿ. ಆದ್ರೆ "ಗ್ಯಾಸ್" ಅನ್ನೋ ತೀರ್ಮಾನ ಯಾವಾಗಲೂ ಕೊನೆಗೆ ಬರಬೇಕು, ಮೊದಲಿಗಲ್ಲ.

ಚಿಕಿತ್ಸೆ: ಸರಳ, ಆದ್ರೆ ತಾಳ್ಮೆ ಬೇಕು

ಮೆದುಮೂಳೆ ನೋವೇ ಅಂತ ಡಾಕ್ಟರ್ ಹೇಳಿದ ಮೇಲೆ ಅರ್ಧ ಭಯ ಹೋಗುತ್ತೆ. ಇದು ಜೀವಕ್ಕೆ ಅಪಾಯ ಅಲ್ಲ, ಹೃದಯಕ್ಕೆ ಹರಡೋದಿಲ್ಲ. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನಾಗೇ ಹೋಗುತ್ತೆ. ನನಗೆ ಪೂರ್ತಿ ಹೋಗೋಕೆ ಎರಡು ತಿಂಗಳು ಹಿಡೀತು. ಉಳಿದ ಗುಂಡಿಗಳನ್ನ ಟ್ರ್ಯಾಕ್ಟರಿನ ಗುಂಡಿ ತೋಡೋ ಯಂತ್ರದಲ್ಲಿ ಮಾಡಿಸಿದ್ವಿ.

ಶಾಖ: ಬಿಸಿನೀರಿನ ಚೀಲವನ್ನ ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ.

ಮಾತ್ರೆ: ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಮುಲಾಮು ಸಾಮಾನ್ಯವಾಗಿ ಬರೀತಾರೆ. ಎಷ್ಟು, ಎಷ್ಟು ದಿನ ಅಂತ ಡಾಕ್ಟರೇ ಹೇಳಲಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ, ಹೃದಯದ ಕಾಯಿಲೆ ಇರೋರಿಗೆ, ಗರ್ಭಿಣಿಯರಿಗೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಆಗಿಬರಲ್ಲ. ಜ್ವರ ಇದ್ದು ಡೆಂಗಿ ಅನುಮಾನ ಇದ್ರೂ ಅದು ಬೇಡ. ಅಂಗಡಿಯಲ್ಲಿ ಕೇಳಿ ನುಂಗಿ, ಬಿಸಿಲಲ್ಲಿ ನೀರು ಕುಡಿಯದೆ ದುಡಿದ್ರೆ ಕಿಡ್ನಿಗೆ ಪೆಟ್ಟು ಬೀಳುತ್ತೆ.

ನೀವಿಸೋದು ಬೇಡ: "ಉಳುಕು ತೆಗೀತೀವಿ" ಅಂತ ಎದೆಮೂಳೆ ಮೇಲೆ ಮೊಣಕೈ ಊರಿ ಒತ್ತಿಸ್ಕೋಬೇಡಿ. ಕೆರಳಿದ ಜಾಗವನ್ನ ಇನ್ನೂ ಕೆರಳಿಸಿದ ಹಾಗೆ.

ಉಸಿರು: ನೋವಿಗೆ ಹೆದರಿ ಮೇಲುಸಿರು ಬಿಡಬೇಡಿ. ದಿನಕ್ಕೆ ನಾಲ್ಕೈದು ಸಲ ನಿಧಾನವಾಗಿ, ಆಗುವಷ್ಟು ಆಳವಾಗಿ ಉಸಿರೆಳೆದು ಬಿಡಿ. ಕೆಮ್ಮು ಬಂದ್ರೆ ಮಡಚಿದ ಟವೆಲ್ ಎದೆಗೆ ಅಪ್ಪಿಕೊಂಡು ಕೆಮ್ಮಿ.

ವಿಶ್ರಾಂತಿ ಅಂದ್ರೆ ಹಾಸಿಗೆ ಹಿಡಿಯೋದಲ್ಲ. ಓಡಾಡಿ, ಹಗುರ ಕೆಲಸ ಮಾಡಿ. ಹಾರೆ, ಚೀಲ, ಪಂಪ್ ಮಾತ್ರ ಬಿಡಿ. ವಾಪಸ್ ಶುರು ಮಾಡುವಾಗ ನರ್ಸರಿ ಸಸಿ ಹದಗೊಳಿಸೋ ಕ್ರಮ ನೆನಪಿಟ್ಕೊಳ್ಳಿ. ನೆರಳಲ್ಲಿದ್ದ ಸಸಿಯನ್ನ ಒಂದೇ ದಿನಕ್ಕೆ ಬಿಸಿಲಿಗೆ ಇಡ್ತೀವಾ? ಇಲ್ಲ. ಮೊದಲ ವಾರ ಅರ್ಧ ಬಕೆಟ್, ಆಮೇಲೆ ಪೂರ್ತಿ ಬಕೆಟ್, ಅದು ನೋಯದಿದ್ರೆ ಅರ್ಧ ಟ್ಯಾಂಕ್. ಮಾರನೇ ದಿನ ನೋವು ಜಾಸ್ತಿ ಆದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಡಾಕ್ಟರ್ ಹೇಳಿದ ಮೇಲೂ ಜ್ವರ ಬಂದ್ರೆ, ಊತ ಕೆಂಪಾಗಿ ಬಿಸಿಯಾದ್ರೆ, ತೂಕ ಇಳಿದ್ರೆ, ರಾತ್ರಿ ನಿದ್ದೆ ಕೆಡಿಸೋ ನೋವಾದ್ರೆ ಅಥವಾ ನೋವಿನ ಸ್ವಭಾವವೇ ಬದಲಾದ್ರೆ ಮತ್ತೆ ಹೋಗಿ. ಒಂದು ಸಲ ಮೆದುಮೂಳೆ ನೋವು ಬಂದೋರಿಗೆ ಹೃದಯದ ನೋವು ಬರೋದೇ ಇಲ್ಲ ಅಂತ ಯಾವ ಗ್ಯಾರಂಟಿಯೂ ಇಲ್ಲ.

ತೋಟದಲ್ಲಿ ಮಾಡಬಹುದಾದ ಬದಲಾವಣೆ

1. ಪಂಪನ್ನ ನೆಲದ ಮೇಲಿಟ್ಟು ತುಂಬಬೇಡಿ. ಸೊಂಟದೆತ್ತರದ ಕಟ್ಟೆ ಅಥವಾ ಟ್ರೇಲರ್ ಅಂಚಿನ ಮೇಲಿಟ್ಟು ತುಂಬಿ, ಅಲ್ಲೇ ಬೆನ್ನು ಕೊಟ್ಟು ಎರಡೂ ಪಟ್ಟಿ ಹಾಕ್ಕೊಂಡು ಎದ್ದೇಳಿ.
2. 16 ಲೀಟರ್ ಟ್ಯಾಂಕಿಗೆ 10–12 ಲೀಟರ್ ತುಂಬಿದ್ರೆ ಸಾಕು. ಎಕರೆಗೆ ನಾಲ್ಕರಿಂದ ಏಳೆಂಟು ಸಲ ಹೆಚ್ಚು ಓಡಾಟ ಆಗುತ್ತೆ, ಆಗಲಿ. ಔಷಧಿ ಅಳತೆಯನ್ನ ನೀರಿಗೆ ತಕ್ಕ ಹಾಗೆ ಇಳಿಸೋದು ಮರೀಬೇಡಿ.
3. ಕೈಪಂಪ್ ಬದಲು ಬ್ಯಾಟರಿ ಪಂಪ್ ತಗೊಂಡ್ರೆ ಹಿಡಿ ಆಡಿಸೋ ಶ್ರಮ ಉಳಿಯುತ್ತೆ.
4. ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. ಇಬ್ಬರು ಹಿಡಿಯಿರಿ, ಇಲ್ಲಾ ತಳ್ಳುಗಾಡಿ ಬಳಸಿ. ಹೊಲದಂಚಲ್ಲೇ ಬಕೆಟಿಗೆ ಸುರ್ಕೊಳ್ಳಿ.
5. ಜೀವಾಮೃತವನ್ನ 200 ಲೀಟರ್ ಡ್ರಮ್ಮಿಂದ ಬಕೆಟಲ್ಲಿ ಹೊರೋ ಬದಲು, ಚೆನ್ನಾಗಿ ಸೋಸಿ ಡ್ರಿಪ್ ವೆಂಚುರಿ ಮೂಲಕ ಬಿಡಿ. ಡ್ರಮ್ ಎತ್ತರದಲ್ಲಿಟ್ಟು ಪೈಪ್ ಹಾಕಿದ್ರೂ ಆಯ್ತು.
6. ಗುಂಡಿ ಕೆಲಸವನ್ನ ದಿನಕ್ಕೆ ಇಷ್ಟೇ ಅಂತ ಹಂಚಿ. ಮೊದಲ ವಾರ ಅರ್ಧ ದಿನ ಸಾಕು. ಒಂದು ಗಂಟೆ ಹಾರೆ, ಆಮೇಲೆ ಅರ್ಧ ಗಂಟೆ ಬೇರೆ ಕೆಲಸ.
7. ಒಕ್ಕಣೆ ದೂಳಲ್ಲಿ ಮಾಸ್ಕ್ ಹಾಕಿ. ಕೆಮ್ಮು ತಪ್ಪಿದ್ರೆ ಪಕ್ಕೆಯೂ ಉಳಿಯುತ್ತೆ.

ಎದೆ ನೋವು ಬಂದ ರೈತನ ಮನಸ್ಸಲ್ಲಿ ಎರಡು ಲೆಕ್ಕ ಓಡ್ತಿರುತ್ತೆ. ಆಸ್ಪತ್ರೆಗೆ ಹೋದ್ರೆ ಇವತ್ತಿನ ಕೆಲಸ ಹೋಯ್ತು, ದುಡ್ಡೂ ಹೋಯ್ತು ಅನ್ನೋದು ಒಂದು. ಏನೂ ಇಲ್ಲ ಅಂದ್ರೆ ಊರೋರು ನಗ್ತಾರೆ ಅನ್ನೋದು ಇನ್ನೊಂದು. "ಏನೂ ಇಲ್ಲ, ಮೆದುಮೂಳೆ ನೋವು" ಅನ್ನಿಸ್ಕೊಂಡು ಮನೆಗೆ ಬರೋದಕ್ಕಿಂತ ಒಳ್ಳೆ ಸುದ್ದಿ ಯಾವುದಿದೆ? ಆ ಮಾತು ಹೇಳೋ ಹಕ್ಕು ಡಾಕ್ಟರ್‌ಗೆ ಬಿಡಿ. ಈಗಲೇ ಫೋನ್ ತೆಗೆದು ಹತ್ತಿರದ ಸರ್ಕಾರಿ ಆಸ್ಪತ್ರೆಯ ನಂಬರ್, ರಾತ್ರಿ ಹೊತ್ತು ಗಾಡಿ ತರೋರ ನಂಬರ್ ಸೇವ್ ಮಾಡಿ. ಅದೇ ನಂಬರ್‌ಗಳನ್ನ ಅಪ್ಪ ಅಮ್ಮನ ಫೋನಿಗೂ ಹಾಕಿಕೊಟ್ಟು, 108ಕ್ಕೆ ಹೇಗೆ ಫೋನ್ ಮಾಡೋದು ಅಂತ ಅವರಿಗೆ ತೋರಿಸಿಕೊಡಿ.